ವಾದ್ಯ ವಿಚಾರ: ಅಕಾರ್ಡಿಯನ್ನಿನ ಸ್ವಿಚ್ಚುಗಳ ಒಳಗೆ

ಹೋದ ಸಂಚಿಕೆಯಲ್ಲಿ ತಿದಿಯ ಗಾಳಿಯಿಂದ ನುಡಿಯುವ ವಾದ್ಯಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಅಕಾರ್ಡಿಯನ್ನಿನ ರಿಜಿಸ್ಟರ್ ಸ್ವಿಚ್ಚುಗಳನ್ನೇ ಕುರಿತವು. ಕೀಲಿಮಣೆಯ ಪಕ್ಕದಲ್ಲಿ ಸಾಲಾಗಿ ಕುಳಿತಿರುವ ಈ ಸ್ವಿಚ್ಚುಗಳಲ್ಲಿ ಯಾವುದೋ ಒಂದನ್ನು ಒತ್ತಿ ವರ್ಷಗಟ್ಟಲೆ ಅದರಲ್ಲೇ ನುಡಿಸುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಅಷ್ಟು ಶ್ರಮದಿಂದ ಮಾಡಿದ ವಾದ್ಯದ ಹೆಚ್ಚಿನ ದನಿಗಳು ಪೆಟ್ಟಿಗೆಯೊಳಗೇ ಉಳಿದುಹೋಗುವುದು ನನಗೆ ನೋವಿನ ಸಂಗತಿ. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಸೋದರಮಾವ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ 120 ಬಾಸ್ (ಎಡಗಡೆ 120 ಗುಂಡಿಗಳಿರುವ) ಅಕಾರ್ಡಿಯನ್ ಈಗ ನನ್ನ ಕೈಗೆ ಬಂದಿದೆ. ಬಲಗಡೆ 11 ಸ್ವಿಚ್ಚುಗಳಿದ್ದು, ಪ್ರತಿಯೊಂದರ ಮೇಲೂ ಒಂದು ವೃತ್ತ ಮತ್ತು ಅದರೊಳಗೆ ಚುಕ್ಕೆಗಳಿವೆ. ಅದೇ ಕೀ ಒತ್ತಿದರೂ ಸ್ವಿಚ್ಚು ಬದಲಾದಾಗ ದನಿ ಪೂರಾ ಬೇರೆಯಾಗುತ್ತದೆ. ಒಳಗೆ ನಡೆಯುವುದೇನು? (ಓದುಗರು, ಧಾರವಾಡ)

ಉತ್ತರ: ಗಾಳಿಯ ದಾರಿಯನ್ನು ಹಿಡಿದು ಹೋದರೆ ಇದು ಸುಲಭವಾಗಿ ತಿಳಿಯುತ್ತದೆ. ನೀವು ಒಂದು ಕೀಯನ್ನು ಒತ್ತಿದಾಗ, ಜಾಲರಿಯ ಅಡಿಯಲ್ಲಿ ಆ ಕೀಗೆ ಜೋಡಿಸಿರುವ, ಫೆಲ್ಟು ಮತ್ತು ಚರ್ಮ ಅಂಟಿಸಿದ ಪುಟ್ಟ ಮುಚ್ಚಳವೊಂದು ಮೇಲೇಳುತ್ತದೆ. ನಿಮ್ಮಂಥ ವಾದ್ಯದಲ್ಲಿ ಆ ಒಂದು ಮುಚ್ಚಳದ ಕೆಳಗೆ ನಾಲ್ಕು ರಂಧ್ರಗಳಿರುತ್ತವೆ. ಒಂದೊಂದು ರಂಧ್ರವೂ ಒಂದೊಂದು ರೀಡಿನ, ಅಂದರೆ ಗಾಳಿಗೆ ಕಂಪಿಸಿ ದನಿ ಕೊಡುವ ಉಕ್ಕಿನ ನಾಲಗೆಯ, ಗೂಡಿಗೆ ಹೋಗುವ ದಾರಿ. ಆ ರಂಧ್ರಗಳಿಗೂ ಗೂಡುಗಳಿಗೂ ನಡುವೆ, ಕೀಲಿಮಣೆಯ ಉದ್ದಕ್ಕೂ, ಸಾಲಾಗಿ ತೂತು ಕೊರೆದ ತೆಳುವಾದ ಲೋಹದ ಪಟ್ಟಿಗಳನ್ನು ಒಂದು ರೀಡುಸಾಲಿಗೆ ಒಂದರಂತೆ ಹಾಯಿಸಿರುತ್ತಾರೆ. ಸ್ವಿಚ್ಚು ಒತ್ತಿದಾಗ ಈ ಪಟ್ಟಿಗಳು ಕೆಲವೇ ಮಿಲಿಮೀಟರಿನಷ್ಟು ಜರುಗುತ್ತವೆ. ಪಟ್ಟಿಯ ತೂತುಗಳು ಗೂಡಿನ ಬಾಯಿಗೆ ನೇರವಾಗಿ ಬಂದರೆ ಆ ಸಾಲು ತೆರೆದುಕೊಳ್ಳುತ್ತದೆ, ಇಲ್ಲದಿದ್ದರೆ ಮುಚ್ಚಿರುತ್ತದೆ. ಹೀಗೆ ಪ್ರತಿಯೊಂದು ರೀಡಿಗೂ ಎರಡು ಬಾಗಿಲುಗಳಿವೆಯೆಂದು ತಿಳಿಯಿರಿ: ಒಂದು ಕೀಯ ವಶದಲ್ಲಿದೆ, ಇನ್ನೊಂದು ಸ್ವಿಚ್ಚಿನ ವಶದಲ್ಲಿದೆ, ಎರಡೂ ತೆರೆದಾಗ ಮಾತ್ರ ರೀಡು ನುಡಿಯುತ್ತದೆ.

ಆ ನಾಲ್ಕು ಸಾಲುಗಳನ್ನು ನಮ್ಮ ಸಂಗೀತದ ಮಾತಿನಲ್ಲೇ ಹೇಳಬಹುದು. ಒಂದು ಮಂದ್ರದ ಸಾಲು, ಎರಡು ಮಧ್ಯದ ಸಾಲುಗಳು, ಒಂದು ತಾರದ ಸಾಲು. ಸೆಕೆಂಡಿಗೆ 440 ಕಂಪನಗಳ ಸ್ವರದ ಕೀಯನ್ನು ನೀವು ಒತ್ತಿದರೆ, ಮಂದ್ರದ ರೀಡು 220ರಲ್ಲಿಯೂ, ಮಧ್ಯದ ರೀಡು 440ರಲ್ಲಿಯೂ, ತಾರದ ರೀಡು 880ರಲ್ಲಿಯೂ ಕಂಪಿಸುತ್ತದೆ. ವೃತ್ತದೊಳಗೆ ಅಡ್ಡಲಾಗಿ ಎಳೆದ ಎರಡು ಗೆರೆಗಳು ಅದನ್ನು ಮೂರು ಅಂತಸ್ತುಗಳಾಗಿ ಮಾಡಿವೆಯಲ್ಲವೆ? ಕೆಳಗಿನ ಅಂತಸ್ತಿನ ಚುಕ್ಕೆ ಮಂದ್ರವನ್ನೂ, ನಡುವಿನದು ಮಧ್ಯವನ್ನೂ, ಮೇಲಿನದು ತಾರವನ್ನೂ ಸೂಚಿಸುತ್ತವೆ. ನಡುವಿನ ಅಂತಸ್ತಿನಲ್ಲಿ ಎರಡು ಚುಕ್ಕೆಗಳಿದ್ದರೆ ಮಧ್ಯದ ಎರಡೂ ಸಾಲುಗಳು ತೆರೆದಿವೆ ಎಂದು ಅರ್ಥ. ಹಳೆಯ ಪುಸ್ತಕಗಳಲ್ಲಿ ಇವನ್ನೇ 16 ಅಡಿ, 8 ಅಡಿ, 4 ಅಡಿ ಎಂದು ಬರೆದಿರುತ್ತಾರೆ. ಅದು ಚರ್ಚುಗಳ ಪೈಪ್ ಆರ್ಗನ್ನಿನಲ್ಲಿ ಕೊಳವೆಯ ಉದ್ದವನ್ನು ಹೇಳುವ ಕ್ರಮದಿಂದ ಬಂದ ಹೆಸರು, ಅಕಾರ್ಡಿಯನ್ನಿನೊಳಗೆ ಅಷ್ಟು ಉದ್ದದ್ದು ಏನೂ ಇಲ್ಲ.

ಸ್ವಿಚ್ಚುಗಳ ಮೇಲೆ ಕ್ಲಾರಿನೆಟ್, ಬಸೂನ್, ಓಬೊ, ವಯಲಿನ್ ಎಂಬ ಹೆಸರುಗಳಿದ್ದರೆ ಅವನ್ನು ಬರಿಯ ಗುರುತುಗಳೆಂದು ಭಾವಿಸಿ. ಮಂದ್ರ ಒಂದೇ ಆದರೆ ಬಸೂನ್, ಮಧ್ಯ ಒಂದೇ ಆದರೆ ಕ್ಲಾರಿನೆಟ್, ತಾರ ಒಂದೇ ಆದರೆ ಪಿಕೊಲೊ. ಮಂದ್ರವೂ ಮಧ್ಯವೂ ಸೇರಿದರೆ ಬ್ಯಾಂಡೊನಿಯನ್. ಅರ್ಜೆಂಟೀನಾದ ಟ್ಯಾಂಗೊ ಸಂಗೀತದಲ್ಲಿ ಬಳಸುವ ಬ್ಯಾಂಡೊನಿಯನ್ ವಾದ್ಯದಲ್ಲಿ ಪ್ರತಿ ಸ್ವರಕ್ಕೂ ಒಂದು ಸ್ಥಾಯಿ ಅಂತರದ ಎರಡು ರೀಡುಗಳು ಒಟ್ಟಿಗೆ ನುಡಿಯುವುದರಿಂದ ಈ ಹೆಸರು ಮಾತ್ರ ಬಹಳ ಹೊಂದುತ್ತದೆ. ಮಂದ್ರವೂ ತಾರವೂ ಸೇರಿ ನಡುವೆ ಖಾಲಿ ಬಿಟ್ಟರೆ ಆರ್ಗನ್. ನಾಲ್ಕೂ ತೆರೆದರೆ ಮಾಸ್ಟರ್. ನಾಲ್ಕು ಸಾಲುಗಳಿಂದ ಬಳಕೆಗೆ ಒದಗುವ ಜೋಡಣೆಗಳೆಲ್ಲ ಸೇರಿ ನಿಮ್ಮ ವಾದ್ಯದ ಆ 11 ಸ್ವಿಚ್ಚುಗಳಾಗಿವೆ.

ಇನ್ನೊಂದು ಲೆಕ್ಕವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಕಾರ್ಡಿಯನ್ನಿನ ಉಕ್ಕಿನ ನಾಲಗೆಯೊಂದು ಗಾಳಿ ಒಂದು ದಿಕ್ಕಿನಿಂದ ಬಂದಾಗ ಮಾತ್ರ ನುಡಿಯುತ್ತದೆ. ಆದ್ದರಿಂದ ತಿದಿ ಎಳೆಯುವಾಗ ನುಡಿಯಲು ಒಂದು, ಒತ್ತುವಾಗ ನುಡಿಯಲು ಒಂದು ಎಂದು ಪ್ರತಿ ರೀಡುತಟ್ಟೆಯಲ್ಲೂ ಒಂದೇ ಶ್ರುತಿಯ ಎರಡು ನಾಲಗೆಗಳನ್ನು ಕೂರಿಸಿರುತ್ತಾರೆ. 41 ಕೀಗಳು, ನಾಲ್ಕು ಸಾಲು, ಎರಡು ನಾಲಗೆ ಎಂದರೆ ನಿಮ್ಮ ಬಲಗೈಯ ಕಡೆಯಲ್ಲೇ 328 ನಾಲಗೆಗಳಿವೆ. ಅತಿ ಮಂದ್ರದ್ದು ಹೆಚ್ಚುಕಡಿಮೆ ಕಿರುಬೆರಳಿನಷ್ಟು ಉದ್ದವಿದ್ದರೆ, ಅತಿ ತಾರದ್ದು ಅಕ್ಕಿಕಾಳಿಗಿಂತ ತುಸುವೇ ದೊಡ್ಡದು. ಇವುಗಳಲ್ಲಿ ಯಾವ ಯಾವ ಗುಂಪು ಮಾತನಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಒಂದು ಬೆರಳಿನ ಒತ್ತಿನಲ್ಲಿ ತೀರ್ಮಾನಿಸುವ ಏರ್ಪಾಡು ಈ ಸ್ವಿಚ್ಚು. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಅಕಾರ್ಡಿಯನ್ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದದ್ದು ಒಂದು ಪುಟ್ಟ ಪೆಟ್ಟಿಗೆಗೆ. ಅಲ್ಲಿಂದ ನಿಮ್ಮ ಕೈಯಲ್ಲಿರುವ ವಾದ್ಯದವರೆಗಿನ ದಾರಿ ಎಷ್ಟು ದೂರದ್ದೆಂದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಪ್ರಶ್ನೆ: ನನ್ನ ಅಕಾರ್ಡಿಯನ್ನಿನಲ್ಲಿ ಮ್ಯೂಸೆಟ್ ಎಂಬ ಸ್ವಿಚ್ಚು ಒತ್ತಿದರೆ ದನಿ ನಡುಗುತ್ತದೆ. ಶ್ರುತಿ ಕೆಟ್ಟಿದೆಯೆಂದು ಸ್ನೇಹಿತರು ಹೇಳುತ್ತಾರೆ. ರಿಪೇರಿ ಮಾಡಿಸಬೇಕೆ? (ಓದುಗರು, ಮೈಸೂರು)

ಉತ್ತರ: ದಯವಿಟ್ಟು ಮಾಡಿಸಬೇಡಿ. ತಂಬೂರಿ ಶ್ರುತಿ ಮಾಡುವವರನ್ನು ನೀವು ನೋಡಿಯೇ ಇರುತ್ತೀರಿ: ನಡುವಿನ ಎರಡು ತಂತಿಗಳು ಇನ್ನೂ ಒಂದಾಗದಿದ್ದಾಗ ದನಿಯಲ್ಲಿ ಒಂದು ಅಲೆ ಏಳುತ್ತದೆ, ಮಣಿಯನ್ನು ಸರಿಸಿದಂತೆ ಆ ಅಲೆ ನಿಧಾನವಾಗುತ್ತಾ ಬಂದು ಕೊನೆಗೆ ನಿಲ್ಲುತ್ತದೆ. ತಂಬೂರಿಯವರು ಇಲ್ಲವಾಗಿಸುವ ಆ ಅಲೆಯನ್ನೇ ಅಕಾರ್ಡಿಯನ್ ಮಾಡುವವರು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಮಧ್ಯದ ಎರಡು ಸಾಲುಗಳಲ್ಲಿ ಒಂದು 440ರಲ್ಲಿದ್ದರೆ ಇನ್ನೊಂದನ್ನು ಉದಾಹರಣೆಗೆ 443ಕ್ಕೆ ಏರಿಸಿಟ್ಟಿರುತ್ತಾರೆ. ಆಗ ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಮೂರು ಅಲೆಗಳು ಕೇಳುತ್ತವೆ. ಅಂತರ ಹೆಚ್ಚಿದಷ್ಟೂ ನಡುಕ ಬಿರುಸಾಗುತ್ತದೆ. ಪ್ಯಾರಿಸ್ಸಿನ ಹಳೆಯ ನೃತ್ಯಶಾಲೆಗಳ ಶೈಲಿಯಲ್ಲಿ ಬಿರುಸಾದ ನಡುಕ ಬೇಕಾಗಿತ್ತು, ಮ್ಯೂಸೆಟ್ ಎಂಬ ಹೆಸರು ಅಲ್ಲಿ ಮೊದಲು ಬಳಕೆಯಲ್ಲಿದ್ದ ಚರ್ಮದ ಚೀಲದ ಊದುವಾದ್ಯದಿಂದ ಬಂದದ್ದು.

ನಿಜವಾಗಿ ಶ್ರುತಿ ಕೆಟ್ಟಿದೆಯೇ ಎಂದು ತಿಳಿಯಲು ಪಕ್ಕಪಕ್ಕದ ಕೀಗಳನ್ನು ಅದೇ ಸ್ವಿಚ್ಚಿನಲ್ಲಿ ಒಂದೊಂದಾಗಿ ನುಡಿಸಿ ಕೇಳಿ. ಅಲೆಯ ವೇಗ ಮೇಲಕ್ಕೆ ಹೋದಂತೆ ಮೆಲ್ಲನೆ ಹೆಚ್ಚುತ್ತಾ ಹೋದರೆ ಎಲ್ಲವೂ ಸರಿಯಾಗಿದೆ. ಒಂದು ಕೀಯಲ್ಲಿ ಮೂರು ಅಲೆ, ಪಕ್ಕದ್ದರಲ್ಲಿ ಏಳು, ಅದರ ಪಕ್ಕದಲ್ಲಿ ಅಲೆಯೇ ಇಲ್ಲ ಎಂಬಂತಿದ್ದರೆ ಮಾತ್ರ ಶ್ರುತಿ ಮಾಡಿಸಬೇಕು. ನಮ್ಮ ರಾಗಗಳನ್ನೋ ಭಾವಗೀತೆಗಳನ್ನೋ ನುಡಿಸುವಾಗ ಈ ನಡುಕ ಗಾಯಕರ ಶ್ರುತಿಗೆ ಅಡ್ಡ ಬರುತ್ತದೆಂಬುದು ನನ್ನ ಅಭಿಪ್ರಾಯ. ಅಲ್ಲಿ ಕ್ಲಾರಿನೆಟ್ ಅಥವಾ ಬ್ಯಾಂಡೊನಿಯನ್ ಸ್ವಿಚ್ಚನ್ನೇ ಬಳಸಿ.

ಪ್ರಶ್ನೆ: ಚರ್ಚಿನ ಗಾಯನವೃಂದದೊಂದಿಗೆ ನುಡಿಸುತ್ತೇನೆ. ಚರಣವನ್ನು ಮೆಲುದನಿಯ ಸ್ವಿಚ್ಚಿನಲ್ಲಿ ನುಡಿಸಿ ಪಲ್ಲವಿಗೆ ಮಾಸ್ಟರ್ ಒತ್ತಿದ ಕೂಡಲೇ ತಿದಿ ಸಾಕಾಗುವುದಿಲ್ಲ, ಸಾಲಿನ ಅರ್ಧದಲ್ಲೇ ದಿಕ್ಕು ಬದಲಿಸಬೇಕಾಗುತ್ತದೆ. ಸ್ವಿಚ್ಚು ಒತ್ತುವಾಗ ಟಕ್ ಎಂಬ ಸದ್ದೂ ಕೇಳುತ್ತದೆ. (ಓದುಗರು, ಮಂಗಳೂರು)

ಉತ್ತರ: ಈ ಪತ್ರ ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ರಿಜಿಸ್ಟರಿನ ವಿಷಯದಲ್ಲಿ ಕಲಿಯಬೇಕಾದ ಮುಖ್ಯ ಪಾಠ ನಿಮ್ಮ ಎಡತೋಳಿಗೆ ಆಗಲೇ ತಿಳಿದುಬಿಟ್ಟಿದೆ. ಸ್ವಿಚ್ಚನ್ನು ಒತ್ತುವುದು ಬಲಗೈ ಬೆರಳಾದರೂ ಅದರ ಪರಿಣಾಮ ಮೊದಲು ತಟ್ಟುವುದು ತಿದಿ ಹಿಡಿದ ತೋಳಿಗೆ. ಮೂರು ಸ್ವರಗಳನ್ನು ಒಟ್ಟಿಗೆ ಕ್ಲಾರಿನೆಟ್ ಸ್ವಿಚ್ಚಿನಲ್ಲಿ ನುಡಿಸಿದರೆ ಮೂರು ರೀಡುಗಳು ಗಾಳಿ ಕುಡಿಯುತ್ತವೆ. ಅವೇ ಮೂರು ಕೀಗಳನ್ನು ಮಾಸ್ಟರಿನಲ್ಲಿ ಒತ್ತಿದರೆ ಹನ್ನೆರಡು ರೀಡುಗಳು ಕುಡಿಯುತ್ತವೆ. ಅವುಗಳಲ್ಲಿಯೂ ಮಂದ್ರದ ಮೂರು ನಾಲಗೆಗಳು ದೊಡ್ಡವು, ಅವಕ್ಕೆ ಗಾಳಿಯೂ ಹೆಚ್ಚು ಬೇಕು. ಹಾಗಾಗಿ ಮಾಸ್ಟರ್ ಒತ್ತಿದ ಕ್ಷಣದಲ್ಲಿ ತಿದಿಯ ಎದುರೊತ್ತು ತಟ್ಟನೆ ಕಡಿಮೆಯಾಗಿ, ಇಷ್ಟು ಹೊತ್ತು ಗಟ್ಟಿಯಾಗಿ ಆತುಕೊಂಡಿದ್ದ ಬಾಗಿಲನ್ನು ಯಾರೋ ಆ ಕಡೆಯಿಂದ ತೆರೆದಂತೆ ತೋಳು ಮುಂದಕ್ಕೆ ಜಾರುತ್ತದೆ. ಪಿಕೊಲೊ ಸ್ವಿಚ್ಚಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧ: ತಿದಿ ನಿಂತಲ್ಲೇ ನಿಂತಂತೆ ಭಾಸವಾಗುತ್ತದೆ, ಒಂದು ಎಳೆತದಲ್ಲಿ ಇಡೀ ಚರಣ ಮುಗಿಯುತ್ತದೆ.

ಆದ್ದರಿಂದ ಮಾಸ್ಟರಿಗೆ ಹೋಗುವ ಮೊದಲೇ ತಿದಿಯನ್ನು ಅಣಿಗೊಳಿಸಿಕೊಳ್ಳಬೇಕು. ಚರಣದ ಕೊನೆಯ ಸಾಲಿನಲ್ಲಿ ತಿದಿಯನ್ನು ಪೂರ್ತಿ ಮುಚ್ಚುವಂತೆ ಲೆಕ್ಕ ಹಾಕಿ ನುಡಿಸಿದರೆ, ಪಲ್ಲವಿಯ ಮೊದಲ ಅಕ್ಷರಕ್ಕೆ ಮಾಸ್ಟರಿನೊಂದಿಗೆ ಹೊಸ ಎಳೆತ ಶುರುವಾಗುತ್ತದೆ, ಪೂರ್ತಿ ತಿದಿ ನಿಮ್ಮ ಪಾಲಿಗಿರುತ್ತದೆ. ಗಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲೇ ನಿಮ್ಮ ತಿದಿಯೂ ದಿಕ್ಕು ಬದಲಿಸಲಿ, ಸ್ವಿಚ್ಚೂ ಅಲ್ಲೇ ಬದಲಾಗಲಿ. ಆ ಉಸಿರಿನ ಜಾಗದಲ್ಲಿ ಯಾವ ಕೀಯೂ ಒತ್ತಿರುವುದಿಲ್ಲವಾದ್ದರಿಂದ ಪಟ್ಟಿಗಳ ಮೇಲೆ ಗಾಳಿಯ ಹರಿವಿರುವುದಿಲ್ಲ, ದನಿ ಮಧ್ಯದಲ್ಲಿ ಕತ್ತರಿಸಿದಂತೆಯೂ ಆಗುವುದಿಲ್ಲ. ಟಕ್ ಎಂಬ ಸದ್ದು ಸ್ವಲ್ಪಮಟ್ಟಿಗೆ ಎಲ್ಲ ವಾದ್ಯಗಳಲ್ಲೂ ಇರುತ್ತದೆ. ಸ್ವಿಚ್ಚನ್ನು ಮೇಲಿನಿಂದ ಹೊಡೆಯದೆ, ಬೆರಳನ್ನು ಮೊದಲು ಅದರ ಮೇಲಿಟ್ಟು ಆಮೇಲೆ ಒತ್ತಿದರೆ ಸದ್ದು ಬಹುಪಾಲು ಅಡಗುತ್ತದೆ. ಒಂದು ಸ್ವಿಚ್ಚು ಒತ್ತಿದಾಗ ಅದಕ್ಕೆ ಬೇಕಾದ ಪಟ್ಟಿಗಳು ತೆರೆದು ಬೇಡದವು ತಾವೇ ಮುಚ್ಚಿಕೊಳ್ಳುವುದರಿಂದ, ಹಿಂದಿನ ಸ್ವಿಚ್ಚನ್ನು ಬಿಡಿಸುವ ಕೆಲಸ ನಿಮಗಿಲ್ಲ. ನಿಮ್ಮ ವಾದ್ಯದಲ್ಲಿ ಕೀಲಿಮಣೆಯ ಅಂಚಿನುದ್ದಕ್ಕೂ ಒಂದು ಉದ್ದನೆಯ ಪಟ್ಟಿಯಿದೆಯೇ ನೋಡಿ. ಇದ್ದರೆ ಅದೂ ಮಾಸ್ಟರ್ ಸ್ವಿಚ್ಚೇ. ಬೆರಳುಗಳು ಕೀಗಳ ಮೇಲಿರುವಾಗಲೇ ಅಂಗೈಯ ಬುಡದಿಂದ ಒತ್ತಲೆಂದು ಅದನ್ನು ಇಟ್ಟಿರುತ್ತಾರೆ. ದೊಡ್ಡ ಕಛೇರಿ ವಾದ್ಯಗಳಲ್ಲಿ ಗಲ್ಲದಿಂದ ಒತ್ತುವ ಸ್ವಿಚ್ಚುಗಳೂ ಮೇಲ್ತುದಿಯಲ್ಲಿರುತ್ತವೆ.

ಇನ್ನೊಂದು ಎಚ್ಚರಿಕೆ. ಬಸೂನ್ ಸ್ವಿಚ್ಚಿನಲ್ಲಿ ಕೆಳಗಿನ ಕೀಗಳು ತುಸು ತಡವಾಗಿ ಮಾತನಾಡುತ್ತವೆ. ಆ ದೊಡ್ಡ ನಾಲಗೆಗಳು ಕಂಪನಕ್ಕೆ ಬರಲು ಹೊತ್ತು ಬೇಕಾಗುತ್ತದೆ. ತಡವಾಯಿತೆಂದು ತಿದಿಯನ್ನು ಬಲವಾಗಿ ತಳ್ಳಿದರೆ ಅವುಗಳ ಶ್ರುತಿ ಕೆಳಕ್ಕೆ ಬಾಗುತ್ತದೆ. ಅಲ್ಲಿ ಹಗುರವಾದ, ಆದರೆ ಸ್ವರಕ್ಕಿಂತ ಒಂದು ಕ್ಷಣ ಮುಂಚೆಯೇ ಸಿದ್ಧವಾಗಿರುವ ಒತ್ತಡ ಬೇಕು.

ಪ್ರಶ್ನೆ: ನಾನು ಹಾರ್ಮೋನಿಯಂ ನುಡಿಸುವವನು. ನಮ್ಮ ಪೆಟ್ಟಿಗೆಯ ಮುಂದಿನ ಗುಬ್ಬಿಗಳಿಗೂ ಅಕಾರ್ಡಿಯನ್ನಿನ ಸ್ವಿಚ್ಚುಗಳಿಗೂ ವ್ಯತ್ಯಾಸವೇನು? (ಓದುಗರು, ಗದಗ)

ಉತ್ತರ: ಮೂಲ ತತ್ತ್ವ ಒಂದೇ. ನಿಮ್ಮ ಪೆಟ್ಟಿಗೆಯಲ್ಲಿ ಬಾಸ್, ಮೇಲ್, ಫೀಮೇಲ್ ಎಂದು ಕರೆಯುವ ಮೂರು ರೀಡುಸಾಲುಗಳೇ ಅಕಾರ್ಡಿಯನ್ನಿನ ಮಂದ್ರ, ಮಧ್ಯ, ತಾರಗಳು. ಈ ಮೂರೂ ಸೇರಿ ನಡುಕವಿಲ್ಲದೆ ನುಡಿಯುವ ಸ್ವಿಚ್ಚಿಗೆ ಅನೇಕ ಅಕಾರ್ಡಿಯನ್ನುಗಳಲ್ಲಿ ಹಾರ್ಮೋನಿಯಂ ಎಂದೇ ಹೆಸರಿದೆ; ಅಂಗಡಿಯಲ್ಲಿ ಅದನ್ನು ಒತ್ತಿ ಕೇಳಿ, ನಿಮಗೆ ಮನೆಗೆ ಬಂದಂತಾಗುತ್ತದೆ. ಆದರೆ ಗುಬ್ಬಿಯನ್ನು ಎಳೆದು ನೀವು ಒಂದು ಸಾಲನ್ನು ಮಾತ್ರ ತೆರೆಯುತ್ತೀರಿ, ಇನ್ನೊಂದನ್ನು ಮುಚ್ಚಲು ಮತ್ತೊಂದು ಗುಬ್ಬಿಯನ್ನು ತಳ್ಳಬೇಕು. ಅಕಾರ್ಡಿಯನ್ನಿನ ಒಂದು ಸ್ವಿಚ್ಚು ಇಡೀ ಜೋಡಣೆಯನ್ನೇ ಒಮ್ಮೆಲೇ ಬದಲಿಸುತ್ತದೆ. ಕಪ್ಲರ್ ಇರುವ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಇನ್ನೊಂದು ಸ್ಥಾಯಿಯ ಮನೆಯೂ ತಾನಾಗಿ ಕೆಳಗಿಳಿಯುವುದನ್ನು ನೀವು ಕಣ್ಣಾರೆ ನೋಡುತ್ತೀರಿ. ಅಕಾರ್ಡಿಯನ್ನಿನಲ್ಲಿ ಅದೇ ಜೋಡಿಸ್ವರ ಬಂದರೂ ಬೇರೆ ಯಾವ ಕೀಯೂ ಅಲುಗುವುದಿಲ್ಲ.

ದೊಡ್ಡ ವ್ಯತ್ಯಾಸ ಗಾಳಿಯದು. ನಿಮ್ಮ ಪೆಟ್ಟಿಗೆಯೊಳಗೆ ಸ್ಪ್ರಿಂಗಿನ ಒತ್ತಡದಲ್ಲಿರುವ ಇನ್ನೊಂದು ತಿದಿಯಿದೆ. ಹೊರಗಿನ ತಿದಿಯ ಏರಿಳಿತವನ್ನು ಅದು ನುಂಗಿಕೊಂಡು ರೀಡುಗಳಿಗೆ ಸಮನಾದ ಗಾಳಿಯನ್ನು ಕೊಡುತ್ತದೆ. ಇನ್ನೊಂದು ಸಾಲು ತೆರೆದಾಗ ನೀವು ಸ್ವಲ್ಪ ಹೆಚ್ಚು ಸಲ ತಿದಿ ಹಾಕುತ್ತೀರಿ, ಅಷ್ಟೆ. ಅಕಾರ್ಡಿಯನ್ನಿನಲ್ಲಿ ತೋಳಿಗೂ ನಾಲಗೆಗೂ ನಡುವೆ ಅಂಥ ಉಗ್ರಾಣವಿಲ್ಲ. ಸ್ವಿಚ್ಚು ಬದಲಿಸಿದರೆ ತೋಳಿನ ಪಟ್ಟನ್ನೂ ಆ ಕ್ಷಣವೇ ಬದಲಿಸಬೇಕು. ಹಾರ್ಮೋನಿಯಂನಿಂದ ಬಂದವರಿಗೆ ಬೆರಳುಗಳು ಬೇಗ ಒಗ್ಗುತ್ತವೆ, ಇದೊಂದಕ್ಕೆ ಮಾತ್ರ ಕೆಲವು ತಿಂಗಳು ಹಿಡಿಯುತ್ತದೆ. ಹಿಂದಿ ಚಿತ್ರಗೀತೆಗಳಲ್ಲಿ ಗೂಡಿ ಸೀರ್ವಾಯಿ, ಕೆರ್ಸಿ ಲಾರ್ಡ್, ಎನಾಕ್ ಡೇನಿಯಲ್ಸ್ ಮೊದಲಾದವರ ಅಕಾರ್ಡಿಯನ್ನನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇನ್ನು ಮುಂದೆ ಕೇಳುವಾಗ ಅದು ಒಂದೇ ರೀಡಿನ ದನಿಯೋ, ಜೋಡಿಯ ದನಿಯೋ ಎಂದು ಗಮನವಿಟ್ಟು ಗುರುತಿಸುತ್ತಾ ಹೋಗಿ. ಕಿವಿ ಪಳಗಲು ಅದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಪ್ರಶ್ನೆ: ಮಳೆಗಾಲ ಶುರುವಾದ ಮೇಲೆ ಸ್ವಿಚ್ಚುಗಳು ಬಿಗಿಯಾಗಿವೆ. ಬಸೂನ್ ಒತ್ತಿದರೂ ಮೇಲೊಂದು ತೆಳುವಾದ ಸೀಟಿಯಂಥ ದನಿ ಕೇಳುತ್ತದೆ. ಎಣ್ಣೆ ಬಿಡಬಹುದೆ? (ಓದುಗರು, ಮಡಿಕೇರಿ)

ಉತ್ತರ: ಎಣ್ಣೆಯನ್ನು ಒಂದು ತೊಟ್ಟೂ ಬಿಡಬೇಡಿ. ಒಮ್ಮೆ ನನ್ನ ಬಳಿಗೆ ಬಂದ ವಾದ್ಯದಲ್ಲಿ ಯಾರೋ ಸ್ವಿಚ್ಚುಗಳ ಸಂದಿನಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ತಿದಿಯನ್ನು ಬಿಚ್ಚಿ ನೋಡಿದಾಗ, ಆ ಎಣ್ಣೆ ಪಟ್ಟಿಗಳ ಉದ್ದಕ್ಕೂ ಹರಿದು, ಫೆಲ್ಟಿನ ಎಳೆಗಳನ್ನೂ ಧೂಳನ್ನೂ ಸೇರಿಸಿಕೊಂಡು, ಬೂದುಬಣ್ಣದ ಅಂಟಾಗಿ ಗಟ್ಟಿಯಾಗಿತ್ತು. ನಾಲ್ಕು ಪಟ್ಟಿಗಳಲ್ಲಿ ಒಂದೂ ಅಲುಗುತ್ತಿರಲಿಲ್ಲ. ರೀಡಿನ ಮೇಲಿರುವ ಚರ್ಮದ ತುಣುಕುಗಳಿಗೂ ಎಣ್ಣೆ ತಾಗಿ ಅವು ತಟ್ಟೆಗೆ ಅಂಟಿಕೊಂಡಿದ್ದವು. ಒಂದೊಂದನ್ನೂ ತೆಗೆದು ಬದಲಿಸಬೇಕಾಯಿತು.

ನಿಮ್ಮ ವಾದ್ಯದಲ್ಲಿ ಆಗಿರುವುದು ಇಷ್ಟು: ತೇವಕ್ಕೆ ಮರ ಉಬ್ಬಿ ಪಟ್ಟಿಗಳ ಓಡಾಟಕ್ಕೆ ಜಾಗ ಕಡಿಮೆಯಾಗಿದೆ, ತಾರದ ಸಾಲಿನ ಪಟ್ಟಿ ಪೂರ್ತಿ ಮುಚ್ಚಿಕೊಳ್ಳದೆ ಕೂದಲೆಳೆಯಷ್ಟು ಸಂದು ಉಳಿದಿದೆ. ಆ ಸಂದಿನಿಂದ ನುಸುಳುವ ಗಾಳಿಗೇ ಪಿಕೊಲೊ ನಾಲಗೆ ಮಾತನಾಡುತ್ತಿದೆ, ಏಕೆಂದರೆ ಅದಕ್ಕೆ ಬೇಕಾಗುವ ಗಾಳಿ ಬಹಳ ಕಡಿಮೆ. ಪಟ್ಟಿ ಅರ್ಧ ತೆರೆದಾಗಲೂ ಇಂಥದ್ದೇ ತೊಂದರೆ: ದನಿ ಕ್ಷೀಣವಾಗಿ, ಶ್ರುತಿಯೂ ಸ್ವಲ್ಪ ಇಳಿದು ಕೇಳುತ್ತದೆ. ದೋಷ ಎಲ್ಲಿದೆಯೆಂದು ಮನೆಯಲ್ಲೇ ಕಂಡುಹಿಡಿಯಬಹುದು. ಒಂದೇ ಸಾಲು ತೆರೆಯುವ ಬಸೂನ್, ಕ್ಲಾರಿನೆಟ್, ಪಿಕೊಲೊ ಸ್ವಿಚ್ಚುಗಳಲ್ಲಿ ಪ್ರತಿ ಕೀಯನ್ನೂ ಅತಿ ಹಗುರವಾದ ತಿದಿಯಲ್ಲಿ ನುಡಿಸಿ. ಎಲ್ಲ ಕೀಗಳಲ್ಲೂ ಅದೇ ದೋಷ ಕಂಡರೆ ಅದು ಪಟ್ಟಿಯದು. ಒಂದೇ ಕೀಯಲ್ಲಿ ಮಾತ್ರ ದನಿ ಇಲ್ಲದಿದ್ದರೆ ಅದು ಆ ರೀಡಿನದು, ಅಲ್ಲಿ ಧೂಳಿನ ಕಣ ಸಿಕ್ಕಿರಬಹುದು ಅಥವಾ ಮೇಣ ಬಿಟ್ಟಿರಬಹುದು. ಸ್ವಿಚ್ಚನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಾಗ ಸರಿಹೋದರೆ ಪಟ್ಟಿಗೂ ಸ್ವಿಚ್ಚಿಗೂ ನಡುವಿನ ಸನ್ನೆಕೋಲಿನಲ್ಲಿ ಸಡಿಲಿಕೆಯಿದೆ. ಇದನ್ನು ಒಂದು ಕಾಗದದಲ್ಲಿ ಬರೆದು ರಿಪೇರಿ ಮಾಡುವವರಿಗೆ ಕೊಟ್ಟರೆ ಅವರ ಅರ್ಧ ದಿನದ ಹುಡುಕಾಟ ತಪ್ಪುತ್ತದೆ.

ಬಿಗಿಯಾದ ಸ್ವಿಚ್ಚನ್ನು ಬಲವಂತವಾಗಿ ಒತ್ತಬೇಡಿ, ಎರಡನ್ನು ಒಟ್ಟಿಗೆ ಎಂದೂ ಒತ್ತಬೇಡಿ. ಸನ್ನೆಕೋಲು ಬಾಗಿದರೆ ಅದನ್ನು ನೇರ ಮಾಡುವುದು ಬಹಳ ಕಷ್ಟ. ವಾದ್ಯವನ್ನು ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಸಿಯಾಗಲಿ ಇಡದೆ, ತಿದಿಯ ಪಟ್ಟಿಗಳನ್ನು ಬಿಗಿದು, ತನ್ನ ಕಾಲುಗಳ ಮೇಲೆ ನೆಟ್ಟಗೆ ಒಣ ಜಾಗದಲ್ಲಿಡಿ. ದಿನಕ್ಕೆ ಹತ್ತು ನಿಮಿಷವಾದರೂ ಎಲ್ಲ ಸ್ವಿಚ್ಚುಗಳಲ್ಲೂ ನುಡಿಸಿ, ಬಳಸದ ಪಟ್ಟಿಯೇ ಮೊದಲು ಕಚ್ಚಿಕೊಳ್ಳುವುದು. ಒಣಗಿಸಲೆಂದು ಬಿಸಿಲಿಗೂ ಒಲೆಯ ಬಳಿಗೂ ಒಯ್ಯಬೇಡಿ, ರೀಡು ಹಿಡಿದಿರುವುದು ಜೇನುಮೇಣ ಮತ್ತು ರಾಳದ ಮಿಶ್ರಣ.

ಪ್ರಶ್ನೆ: ಎಡಗಡೆಯ ಸ್ವಿಚ್ಚುಗಳನ್ನೂ ಬಲಗಡೆಯವುಗಳ ಜೊತೆಗೇ ಬದಲಿಸಬೇಕೆ? (ಓದುಗರು, ಬೆಂಗಳೂರು)

ಉತ್ತರ: ಅವು ಪೂರ್ತಿ ಬೇರೆ, ತಾವಾಗಿ ಬದಲಾಗುವುದಿಲ್ಲ. ಎಡಗಡೆ 120 ಗುಂಡಿಗಳಿದ್ದರೂ ಒಂದೊಂದು ರೀಡುಸಾಲಿನಲ್ಲಿರುವುದು 12 ಸ್ವರಗಳಷ್ಟೇ. ದೊಡ್ಡ ವಾದ್ಯಗಳಲ್ಲಿ ಅಂಥ ಐದು ಸಾಲುಗಳಿರುವುದು ವಾಡಿಕೆ. ಬಲಗಡೆ ಒಂದೇ ರೀಡಿನಲ್ಲಿ ಹಾಡು ನುಡಿಸುತ್ತಿರುವಾಗ ಎಡಗಡೆ ಮಾಸ್ಟರ್ ತೆರೆದಿದ್ದರೆ ಹಾಡು ಮುಳುಗಿಹೋಗುತ್ತದೆ, ಗಾಳಿಯೂ ಪೋಲಾಗುತ್ತದೆ. ಬಲಗಡೆ ಎಷ್ಟು ತೆಳುವೋ ಎಡಗಡೆ ಅದಕ್ಕಿಂತ ಒಂದು ಹಿಡಿ ಕಡಿಮೆಯಿರಲಿ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಕಲಿಸಬೇಕೆಂದಿದ್ದೇವೆ. ಹೆಚ್ಚು ಸ್ವಿಚ್ಚುಗಳಿರುವುದನ್ನೇ ಕೊಳ್ಳುವುದು ಒಳ್ಳೆಯದೆ? (ಓದುಗರು, ತುಮಕೂರು)

ಉತ್ತರ: ಬೇಡ. ರೀಡುಸಾಲು ಹೆಚ್ಚಿದಷ್ಟೂ ತೂಕ ಹೆಚ್ಚುತ್ತದೆ, ಪೂರ್ಣ ಪ್ರಮಾಣದ 120 ಬಾಸ್ ವಾದ್ಯ ಸುಮಾರು 10 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಮಗುವಿಗೆ 48 ಬಾಸಿನ, ಎರಡು ರೀಡುಸಾಲಿನ ವಾದ್ಯ ಸಾಕು. ಕೊಳ್ಳುವ ಮೊದಲು ಅಂಗಡಿಯಲ್ಲಿ ಅವಳ ಹೆಗಲಿಗೆ ಹಾಕಿಸಿ, ಒಂದೇ ಸಾಲು ತೆರೆಯುವ ಸ್ವಿಚ್ಚು ಒತ್ತಿ, ಒಂದು ಸ್ವರವನ್ನು ತಿದಿ ತೆರೆದುಕೊಳ್ಳುವಷ್ಟು ಹೊತ್ತು ಎಳೆಯಲು ಹೇಳಿ. ಆಮೇಲೆ ಎರಡೂ ಸಾಲು ತೆರೆದು ಅದನ್ನೇ ಮಾಡಿಸಿ. ಎರಡನೆಯ ಸಲವೂ ಅವಳ ಹೆಗಲು ಮೇಲೇರದೆ, ಸ್ವರ ನಡುಗದೆ ನಿಂತರೆ ಅದೇ ವಾದ್ಯವನ್ನು ತೆಗೆದುಕೊಳ್ಳಿ.